ನಜ್ಮಿಯೆ ಅತಿಥಿಗೆ ಹೇಳಿದ ಮಾತು

ಜೂನ್ ತಿಂಗಳ ಮೊದಲ ವಾರ. ನಜ್ಮಿಯೆ ಮಹಡಿ ಕೋಣೆಗಳ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು ಅಂಗಳದಲ್ಲಿ ಹರವುತ್ತಿದ್ದಳು. ಗೇಟಿನ ಹೊರಗೆ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದು ನಿಂತರು. ನೋಡಿದರೆ ಪಟ್ಟಣದವರು. ಹೆಂಗಸಿನ ಕೈಯಲ್ಲೊಂದು ಪುಸ್ತಕ. ಓದುತ್ತಿದ್ದ ಜಾಗ ತಪ್ಪದಿರಲೆಂದು ನಡುವೆ ಬೆರಳಿಟ್ಟುಕೊಂಡಿದ್ದಳು.

"ಕೋಣೆ ಬೇಕಿತ್ತಾ?" ಎಂದಳು ನಜ್ಮಿಯೆ.

"ಇಲ್ಲ ಇಲ್ಲ, ಸುಮ್ನೆ ನೋಡೋಕೆ ಬಂದ್ವಿ. ಆ ಕುಡುಕ ಹಗ್ಗದವನ ಮನೆ ಇದೇ ಅಲ್ವಾ?"

"ಯಾವ ಕುಡುಕ? ನಮ್ಮ ಬಾದೆಮ್ಲಿಯಲ್ಲಿ ಕುಡುಕರಿಗೇನು ಬರವಾ? ಹೆಸರು ಹೇಳಿ."

ಹೆಂಗಸು ನಕ್ಕಳು. ಪುಸ್ತಕ ಬಿಡಿಸಿ, "ಅಂಗಳದಲ್ಲಿ ಬಾಗಿದ ಬಾದಾಮಿ ಮರ, ನೀಲಿ ಗೇಟು, ಸಮುದ್ರದ ಕಡೆಗೆ ಮೂರು ಕಿಟಕಿ" ಎಂದು ಓದಿದಳು. ಆಮೇಲೆ ತಲೆಯೆತ್ತಿ ಮರ ನೋಡಿದಳು, ಗೇಟು ನೋಡಿದಳು, ಕಿಟಕಿಗಳನ್ನು ಲೆಕ್ಕ ಹಾಕಿದಳು. "ಇದೇರೀ, ಇದೇ" ಎಂದು ಗಂಡನ ತೋಳು ಹಿಡಿದು ಅಲ್ಲಾಡಿಸಿದಳು. ಗಂಡ ಫೋಟೊ ತೆಗೆದುಕೊಂಡ.

ನಜ್ಮಿಯೆಯ ಕೈಯಲ್ಲಿದ್ದ ಒದ್ದೆ ದುಪ್ಪಟಿ ಮಣ್ಣಿಗೆ ಜಾರಿತು. ಹಗ್ಗದವನು ಅವಳ ಅಪ್ಪ ಇದ್ರಿಸ್. ಸತ್ತು ಹದಿನೆಂಟು ವರ್ಷವಾಗಿತ್ತು. ಇವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ತಂದ ಸಂಗತಿ ಈ ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬಳು ನಜ್ಮಿಯೆ. ಇನ್ನೊಬ್ಬಳು ಶೆರ್ಮಿನ್.

ಶೆರ್ಮಿನ್ ಇಸ್ತಾಂಬುಲ್‌ನವಳು. ಯಾವುದೋ ಪ್ರಕಾಶನದಲ್ಲಿ ಬೇರೆಯವರು ಬರೆದ ಪುಸ್ತಕಗಳ ತಪ್ಪು ತಿದ್ದುವುದು ಅವಳ ಕೆಲಸ. ಹನ್ನೆರಡು ವರ್ಷದ ಹಿಂದೆ, ಊರಿಗೆ ಟಾರು ರಸ್ತೆ ಬರುವ ಮುಂಚೆ, ಗಂಡನನ್ನು ಬಿಟ್ಟ ಹೊಸತರಲ್ಲಿ ಒಂಟಿಯಾಗಿ ದೋಣಿಯಿಂದ ಇಳಿದಿದ್ದಳು. ಎರಡು ದಿನಕ್ಕೆಂದು ಬಂದವಳು ಮೂರು ವಾರ ಉಳಿದಳು. ಅಲ್ಲಿಂದ ಮುಂದೆ ಸೆಪ್ಟೆಂಬರ್ ಬಂತೆಂದರೆ ಶೆರ್ಮಿನ್ ಬಂದಳೆಂದೇ ಲೆಕ್ಕ. ಮಹಡಿಯ ಮೂಲೆ ಕೋಣೆಗೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ಮೊದಲ ವರ್ಷ ಮೇಡಂ ಆಗಿದ್ದವಳು ಮೂರನೆಯ ವರ್ಷಕ್ಕೆ ಶೆರ್ಮಿನಕ್ಕನಾದಳು. ಊಟ ಅಡುಗೆಮನೆಯಲ್ಲೇ. ಬಾದಾಮಿ ಸುಲಿಯುವುದಕ್ಕೂ ಬಂದು ಕೂರುತ್ತಿದ್ದಳು, ಗುಡ್ಡದ ಮೇಲೆ ಸೊಪ್ಪು ಕೀಳುವುದಕ್ಕೂ ಬೆನ್ನು ಹತ್ತುತ್ತಿದ್ದಳು. ನಜ್ಮಿಯೆಯ ಗಂಡ ಮುಹರ್ರೆಮ್ ಮೀನು ಹಿಡಿದು ತಂದರೆ, "ಭಾವ, ಇವತ್ತು ಸಮುದ್ರ ನಿಮ್ಮ ಮಾತು ಕೇಳ್ತಾ?" ಎಂದು ಚೇಷ್ಟೆ ಮಾಡುತ್ತಿದ್ದಳು.

ಹಗ್ಗದ ವಿಷಯ ಅದಕ್ಕಿಂತ ಹಳೆಯದು. ಇದ್ರಿಸ್ ಸಮುದ್ರದ ತಳದಲ್ಲಿ ಬೆಳೆಯುವ ಸ್ಪಂಜು ತೆಗೆಯುವ ದೋಣಿಯಲ್ಲಿ ದುಡಿದವನು. ಮುಳುಗುವವನು ರಬ್ಬರಿನ ಅಂಗಿ ತೊಟ್ಟು, ತಾಮ್ರದ ಟೋಪಿ ಬಿಗಿಸಿಕೊಂಡು ತಳಕ್ಕೆ ಇಳಿಯುತ್ತಿದ್ದ. ಗಾಳಿ ಕಳಿಸುವ ಪಂಪಿನ ಚಕ್ರ ತಿರುಗಿಸಲು ಇಬ್ಬರು. ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಹೊತ್ತು ನೋಡಲು ಒಬ್ಬ. ಹೊತ್ತಾಯಿತೆಂದರೆ ಹಗ್ಗದವನು ಮೂರು ಸಲ ಜಗ್ಗಬೇಕು, ಕೆಳಗಿನವನು ಮೇಲೆ ಬರಬೇಕು. ಮೀರಿ ನಿಂತರೆ ಮೇಲೆ ಬರುವಾಗ ನೀರಿನ ಒತ್ತಡ ತಗ್ಗಿ ಮೈಗೆ ಹೊಡೆತ ಬೀಳುತ್ತದೆ; ಕೈಕಾಲು ಸೇದಿ ಬಿದ್ದವರು ಆ ತೀರದ ಊರೂರಲ್ಲಿದ್ದರು. 1964ರ ಜುಲೈ ತಿಂಗಳ ಒಂದು ಮಧ್ಯಾಹ್ನ ಎದುರು ಮನೆಯ ತಹಸಿನ್‌ಗೆ ಹಾಗೆ ಹೊಡೆತ ಬಿತ್ತು. ದೋಣಿಯ ಹಲಗೆಯ ಮೇಲೆಯೇ ಜೀವ ಹೋಯಿತು. ಇಪ್ಪತ್ತೇಳು ವರ್ಷದ ಹುಡುಗ. ಹೆಂಡತಿ ರೆಫಿಯೆ ಮೂರು ತಿಂಗಳ ಬಸುರಿ.

"ಮೂರು ಸಲ ಜಗ್ಗಿದೆ, ಮತ್ತೆ ಮೂರು ಸಲ ಜಗ್ಗಿದೆ. ಬರಲಿಲ್ಲ. ಕೆಳಗೆ ಒಳ್ಳೇ ಸ್ಪಂಜಿನ ಹಾಸು ಇತ್ತು ಅಂತ ಕಾಣುತ್ತೆ" ಎಂದ ಇದ್ರಿಸ್. ಪಂಪಿನವರಿಗೆ ಚಕ್ರ ತಿರುಗಿಸಿದ್ದಷ್ಟೇ ಗೊತ್ತು. ಊರು ನಂಬಿತು. ತಹಸಿನ್ ಇನ್ನೊಂದು ಸ್ಪಂಜಿನ ಆಸೆಬುರುಕತನಕ್ಕೆ ಸತ್ತ ಎಂದಾಯಿತು. ಅವನ ಮಗ ಜಾವಿತ್ ಹುಟ್ಟಿ ನಡೆದಾಡುವಷ್ಟಾದ ಮೇಲೆ ಓರಗೆಯ ಮಕ್ಕಳು ಅವನನ್ನು "ಇನ್ನೊಂದು" ಎಂದೇ ಕರೆದರು. ರೊಟ್ಟಿಗೆ ಕೈ ಚಾಚಿದರೆ ಸಾಕು, "ಇನ್ನೊಂದು ಬೇಕೇನೋ, ಇನ್ನೊಂದು?" ಎಂದು ಕುಣಿಯುತ್ತಿದ್ದರು. ರೆಫಿಯೆಯಂತೂ ಗಂಡನಿಗಾಗಿ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. "ಎರಡು ಸ್ಪಂಜಿಗೆ ನನ್ನನ್ನೂ ಹೊಟ್ಟೇಲಿದ್ದದ್ದನ್ನೂ ಮಾರಿ ಹೋದ" ಎನ್ನುವಳು.

ಅವಳ ಸೂರು ಸೋರಿದರೆ ಹೆಂಚು ಹೊದಿಸಿದವನು ಇದ್ರಿಸ್. ಗೋಧಿ ಬೀಸಿಸಿ ತಂದವನು, ಜಾವಿತ್‌ಗೆ ಮುಂಜಿ ಮಾಡಿಸಿದವನು, ತಹಸಿನ್‌ನ ಗೋರಿಗೆ ಕಲ್ಲು ನಿಲ್ಲಿಸಿದವನು ಇದ್ರಿಸ್. ರೆಫಿಯೆಗೆ ಅವನು ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ತಾಯಿ ಬೇಗ ಹೋದ ನಜ್ಮಿಯೆಯ ತಲೆ ಬಾಚಿ, ಜಡೆ ಹೆಣೆದು, ಮದುವೆಯಲ್ಲಿ ಕೈಗೆ ಮದರಂಗಿ ಹಚ್ಚಿದವಳು ರೆಫಿಯೆ. "ಮಗಳೇ" ಎಂದಲ್ಲದೆ ಹೆಸರು ಹಿಡಿದು ಕರೆದದ್ದಿಲ್ಲ.

ಸಾಯುವುದಕ್ಕೆ ಒಂದು ವಾರ ಮುಂಚೆ ಇದ್ರಿಸ್ ಮಗಳನ್ನು ಮಂಚದ ಹತ್ತಿರ ಕರೆದ. "ನಾನು ಹಗ್ಗ ಜಗ್ಗಲಿಲ್ಲ" ಎಂದ. "ನಿನಗೆ ಜ್ವರ ಏರಿತ್ತು ಆಗ. ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ ನಾನು. ಬಿಸಿಲಿಗೆ ಮಂಪರು ಹತ್ತಿಬಿಡ್ತು. ಕಣ್ಣು ಬಿಟ್ಟಾಗ ಹೊತ್ತು ಎಷ್ಟೋ ಮೀರಿತ್ತು. ಅವನು ಪಾಪ, ಕೆಳಗೆ ನನ್ನ ಹಗ್ಗಕ್ಕೆ ಕಾಯ್ತಾ ಇದ್ದ." ಮಗಳ ಕೈ ಹಿಡಿದುಕೊಂಡು, "ರೆಫಿಯೆಗೆ ಹೇಳು. ನನ್ನ ಕೈಲಾಗಲಿಲ್ಲ" ಎಂದ.

ನಜ್ಮಿಯೆಯ ಕೈಲೂ ಆಗಲಿಲ್ಲ. ಅಪ್ಪನ ಹೆಣದ ಮುಂದೆ ತನಗಿಂತ ಜೋರಾಗಿ ಅತ್ತ ರೆಫಿಯೆಗೆ ಆವತ್ತು ಹೇಗೆ ಹೇಳುವುದು? ನಲವತ್ತು ದಿನ ಕಳೆಯಲಿ ಎಂದುಕೊಂಡಳು. ಆಮೇಲೆ ಹಬ್ಬ ಕಳೆಯಲಿ, ಜಾವಿತ್‌ನ ಮದುವೆ ಮುಗಿಯಲಿ, ಮೊಮ್ಮಗು ಹುಟ್ಟಲಿ. ಹೀಗೆ ಹದಿನೈದು ವರ್ಷ ಹೋಯಿತು.

ಒಂದು ಸೆಪ್ಟೆಂಬರ್‌ನ ಮಧ್ಯಾಹ್ನ ಅವಳೂ ಶೆರ್ಮಿನಳೂ ಬಾದಾಮಿಯ ಹಸಿರು ಸಿಪ್ಪೆ ಬಿಡಿಸುತ್ತಾ ಕೂತಿದ್ದರು. ಶೆರ್ಮಿನ್ ತನ್ನ ತಾಯಿಯ ವಿಷಯ ತೆಗೆದಳು. ಆಸ್ಪತ್ರೆಯಲ್ಲಿ ತಾಯಿ ಕೊನೆಯುಸಿರು ಎಳೆಯುತ್ತಿದ್ದಾಗ ತಾನು ಕೆಳಗಿನ ಅಂಗಡಿಯಲ್ಲಿ ಬೇಕೆಂದೇ ಎರಡನೆಯ ಟೀ ತರಿಸಿಕೊಂಡು ಕೂತಿದ್ದೆನೆಂದು ಹೇಳಿ ಬಿಕ್ಕಿದಳು. ನಜ್ಮಿಯೆ ಕೈಯಲ್ಲಿದ್ದ ಬಾದಾಮಿ ಕೆಳಗಿಟ್ಟಳು. ಗಂಡನಿಗೂ ಹೇಳದ ಮಾತು ಬಾಯಿಗೆ ಬಂತು. ಎಲ್ಲವನ್ನೂ ಹೇಳಿದಳು: ಜ್ವರ, ಮಂಪರು, ಮಗಳೇ ಎಂದು ಕರೆಯುವ ರೆಫಿಯೆ. ಶೆರ್ಮಿನ್ ಸಿಪ್ಪೆಯ ಕಪ್ಪು ಹತ್ತಿದ ಅವಳ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದು ನನ್ನ ಹೊಟ್ಟೇಲೇ ಇರುತ್ತೆ ನಜ್ಮಿಯೆ" ಎಂದಳು. ಆ ರಾತ್ರಿ ನಜ್ಮಿಯೆಗೆ ಎಷ್ಟೋ ವರ್ಷದ ಮೇಲೆ ಸುಖವಾಗಿ ನಿದ್ದೆ ಬಂತು.

ಶೆರ್ಮಿನ್‌ಗೆ ಎಲ್ಲ ಬರೆದಿಡುವ ಅಭ್ಯಾಸವಿತ್ತು, ನಿಜ. ಸೊಪ್ಪಿನ ಹೆಸರು, ಸಾರಿನ ಹದ ಬರೆದುಕೊಳ್ಳುತ್ತಿದ್ದಾಳೆ ಎಂದೇ ನಜ್ಮಿಯೆ ತಿಳಿದಿದ್ದಳು.

ಪುಸ್ತಕ ಹೊರಬಂದದ್ದು ಅದಾಗಿ ಮೂರು ವರ್ಷಕ್ಕೆ, ವಸಂತದಲ್ಲಿ. ದಕ್ಷಿಣ ತೀರದ ಸದ್ದಿಲ್ಲದ ಹಳ್ಳಿಗಳ ತಿರುಗಾಟದ ಕಥನ. ಊರಿಗೆ ಅದನ್ನು ಮೊದಲು ತಂದದ್ದೂ ನೋಡಬಂದವರೇ. ಜಾವಿತ್ ಪಟ್ಟಣಕ್ಕೂ ಊರಿಗೂ ಮಿನಿಬಸ್ ಓಡಿಸುತ್ತಿದ್ದ. ಹಿಂದಿನ ಸೀಟಿನವರೊಬ್ಬರು, "ಡ್ರೈವರ್, ಆ ದುರಾಸೆಗಾರ ಅನ್ನಿಸಿಕೊಂಡವನ ಗೋರಿ ಎಲ್ಲಿ ಬರುತ್ತೆ?" ಎಂದು ಕೇಳಿದರಂತೆ. ಜಾವಿತ್ ಬಸ್ಸು ಬದಿಗೆ ನಿಲ್ಲಿಸಿ, ಆ ಪುಸ್ತಕ ಇಸಕೊಂಡು, ಸ್ಟೀರಿಂಗಿನ ಮೇಲಿಟ್ಟುಕೊಂಡು ತಮ್ಮೂರಿನ ಹದಿನಾಲ್ಕು ಪುಟ ಓದಿ ಮುಗಿಸುವ ತನಕ ಬಸ್ಸು ಕದಲಲಿಲ್ಲವಂತೆ.

ಮುಹರ್ರೆಮ್ ಸುದ್ದಿ ತಂದದ್ದು ಕಾಫಿ ಅಂಗಡಿಯಿಂದ. ಬಂದವನು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತ.

"ಮೇಷ್ಟ್ರು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ನಾನೂ ಇದ್ದೀನಿ ಅದರಲ್ಲಿ. 'ಮೀನಿನ ವಾಸನೆಯ ಸಾಧು ಗಂಡ' ಅಂತೆ. ಹನ್ನೆರಡು ವರ್ಷ ಅದೇ ಮೀನು ತಿಂದು ಮೂಳೆ ಚೀಪಿದ್ಲಲ್ಲ, ಆಗ ಬರಲಿಲ್ವಾ ವಾಸನೆ?"

ನಜ್ಮಿಯೆ ಒಲೆಯ ಮೇಲಿದ್ದ ಪಾತ್ರೆ ಇಳಿಸಿದಳು.

"ಅದು ಹೋಗ್ಲಿ. ನನಗೆ ಯಾಕೆ ಹೇಳಿರಲಿಲ್ಲ ನೀನು? ಇಪ್ಪತ್ತೇಳು ವರ್ಷ ಆಯ್ತು ಕಣೇ ನಮ್ಮ ಮದುವೆಯಾಗಿ. ನಿಮ್ಮಪ್ಪನ ವಿಷಯ ನನಗೆ ಮೇಷ್ಟ್ರು ಓದಿ ಹೇಳಬೇಕಾ?"

"ಹೇಳಿದ್ದರೆ ನಿನಗೂ ರೆಫಿಯೆ ಚಿಕ್ಕಮ್ಮನ ಮುಖ ನೋಡೋದು ಕಷ್ಟ ಆಗ್ತಿತ್ತು."

"ಈಗ ಸುಲಭ ಆಯ್ತಾ?" ಎಂದು ಅವನು ದೋಣಿಯ ಕಡೆ ಹೊರಟುಹೋದ. ಊಟಕ್ಕೂ ಬರಲಿಲ್ಲ.

ಮರುದಿನ ಜಾವಿತ್ ಬಂದ. ಪುಸ್ತಕವನ್ನು ಸುರುಳಿ ಸುತ್ತಿ ಮುಷ್ಟಿಯಲ್ಲಿ ಹಿಡಿದಿದ್ದ. ಒಳಗೆ ಕರೆದರೂ ಬರಲಿಲ್ಲ.

"ಅಕ್ಕ, ಒಂದೇ ಮಾತು. ನಿಜಾನಾ?"

"ನಿದ್ದೆ ಹೋದದ್ದು ನಿಜ. ಕುಡಿದಿದ್ದ ಅನ್ನೋದು ಸುಳ್ಳು. ನಮ್ಮಪ್ಪ ಹುಟ್ಟಿದಾರಭ್ಯ ಬಾಯಿಗೆ ಹಾಕಿದವನಲ್ಲ, ನಿನಗೇ ಗೊತ್ತು."

"ಕುಡಿದಿದ್ದರೆ ಏನು, ಬಿಟ್ಟಿದ್ದರೆ ಏನು. ನಮ್ಮಪ್ಪ ದುರಾಸೆಗೆ ಸಾಯಲಿಲ್ಲ. ಅಷ್ಟು ನಿಜಾನಾ?"

"ನಿಜ."

ಜಾವಿತ್ ಮೆಟ್ಟಿಲ ಮೇಲೆ ಕೂತ. "ನನಗೆ ನಲವತ್ತೊಂದು ವರ್ಷ, ಅಕ್ಕ. ಇವತ್ತಿನ ತನಕ ಯಾರ ಮನೇಲೂ ಎರಡನೇ ಸಲ ಬಡಿಸಿಕೊಂಡವನಲ್ಲ ನಾನು. ಹಸಿವಿದ್ದರೂ ಸಾಕು ಅಂತ ಎದ್ದುಬಿಡ್ತೀನಿ. ನಿಮ್ಮ ಮನೇಲೂ. ನೀನು ನೋಡಿದೀಯ. ಗೊತ್ತಿದ್ದೂ ನೋಡಿದೀಯ."

"ಚಿಕ್ಕಮ್ಮಂಗೆ ಗೊತ್ತಾಯ್ತಾ?"

"ಅವಳಿಗೆ ಓದೋಕೆ ಎಲ್ಲಿ ಬರುತ್ತೆ? ನಾನೇ ಓದಿ ಹೇಳಿದೆ."

"ಏನಂದ್ರು?"

"ಏನೂ ಅನ್ಲಿಲ್ಲ. ಇನ್ನೊಂದು ಸಲ ಓದು ಅಂದ್ಲು."

ಆ ಬೇಸಿಗೆ ಪೂರ್ತಿ ರೆಫಿಯೆಯ ಬೀದಿ ಕಡೆಯ ಕಿಟಕಿ ತೆರೆಯಲಿಲ್ಲ. ನಜ್ಮಿಯೆ ಮೂರು ಸಲ ಹೋಗಿ ಬಾಗಿಲು ತಟ್ಟಿದಳು. ಒಳಗೆ ಪಾತ್ರೆಯ ಸದ್ದು ನಿಲ್ಲುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ನೋಡಬರುವವರು ಮಾತ್ರ ಬರುತ್ತಲೇ ಇದ್ದರು. ಕೆಲವರು ಕೋಣೆ ಕೇಳಿದರು, ಒಬ್ಬಳು ಬಾದಾಮಿ ಮರದ ಕೆಳಗೆ ಕೂತು ಚಿತ್ರ ಬರೆದಳು. ನಜ್ಮಿಯೆ ಗೇಟಿಗೆ ಹಸಿರು ಬಣ್ಣ ಬಳಿದಳು. ಆದರೂ ಜನ ಕಿಟಕಿ ಲೆಕ್ಕ ಹಾಕಿ ಕಂಡುಹಿಡಿಯುತ್ತಿದ್ದರು.

ಶೆರ್ಮಿನ್ ಎಂದಿನಂತೆ ಸೆಪ್ಟೆಂಬರ್ ಹತ್ತಕ್ಕೆ ಬಂದಳು. ಟ್ಯಾಕ್ಸಿಯಿಂದ ಇಳಿದವಳೇ ಗೇಟು ನೋಡಿ, "ಅಯ್ಯೋ, ನೀಲಿ ಎಷ್ಟು ಚೆನ್ನಾಗಿತ್ತು! ಯಾಕೆ ಬಳಿದೆ?" ಎಂದು ನಜ್ಮಿಯೆಯನ್ನು ತಬ್ಬಿಕೊಂಡಳು. ಚೀಲದಿಂದ ಪುಸ್ತಕದ ಕಟ್ಟು ತೆಗೆದಳು. ಮೇಲಿನದರ ಮೊದಲ ಹಾಳೆಯಲ್ಲಿ "ನನ್ನ ತಂಗಿ ನಜ್ಮಿಯೆಗೆ" ಎಂದು ಬರೆದು ಸಹಿ ಹಾಕಿದ್ದಳು.

ನಜ್ಮಿಯೆ ಅದನ್ನು ಮುಟ್ಟಲಿಲ್ಲ. "ಹೊಟ್ಟೇಲೇ ಇರುತ್ತೆ ಅಂದಿದ್ದೆ ನೀನು" ಎಂದಳು.

ಶೆರ್ಮಿನ್‌ಳ ನಗು ಅರ್ಧಕ್ಕೆ ನಿಂತಿತು. "ಹೆಸರೆಲ್ಲ ಬದಲಾಯಿಸಿದೀನಲ್ಲ. ಊರಿನ ಹೆಸರೂ ಹಾಕಿಲ್ಲ."

"ಮರ ಹಾಕಿದೀಯ. ಗೇಟು ಹಾಕಿದೀಯ. ಈ ತೀರದಲ್ಲಿ ಇಂಥ ಮನೆ ಇನ್ನೆಲ್ಲಿದೆ? ಬರೋ ಜನರೆಲ್ಲ ಇಲ್ಲಿಗೇ ಬಂದು ನಿಲ್ತಾರೆ."

"ನಾನು ಪ್ರೀತಿಯಿಂದ ಬರೆದೆ, ನಜ್ಮಿಯೆ. ಓದಿದವರೆಲ್ಲ ಅತ್ತಿದಾರೆ. ಈ ಮನೆ ಬಗ್ಗೆ, ನಿನ್ನ ಬಗ್ಗೆ..."

"ನಮ್ಮಪ್ಪನ್ನ ಕುಡುಕ ಮಾಡಿದೀಯ."

"ಅದು..." ಶೆರ್ಮಿನ್ ಮಾತಿಗೆ ತಡಕಾಡಿದಳು. "ಸುಮ್ಮನೆ ನಿದ್ದೆ ಬಂತು ಅಂದ್ರೆ ಓದೋರು ನಂಬಲ್ಲ. ಕಥೆಗೆ ಏನಾದರೂ ಗಟ್ಟಿ ಕಾರಣ ಬೇಕಾಗುತ್ತೆ."

"ಕಾರಣ ನಾನು ಹೇಳಿದ್ದೆ. ನನಗೆ ಜ್ವರ ಬಂದಿತ್ತು. ಮಗಳ ಜ್ವರ ನಿನ್ನ ಕಥೆಗೆ ಸಾಲಲಿಲ್ವಾ?" ನಜ್ಮಿಯೆ ಪುಸ್ತಕದತ್ತ ಬೆರಳು ತೋರಿದಳು. "ನಿಮ್ಮಮ್ಮ ಸಾಯುವಾಗ ನೀನು ಕೂತು ಟೀ ಕುಡಿದದ್ದು ಎಲ್ಲಿ ಬರೆದಿದೀಯ, ತೋರಿಸು. ಯಾವ ಪುಟ?"

ಶೆರ್ಮಿನ್ ತಲೆ ತಗ್ಗಿಸಿದಳು. ಆ ಪುಸ್ತಕದಲ್ಲಿ ಅದು ಎಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ರೆಫಿಯೆ ಬಂದಿದ್ದಳು. ಮೂರು ತಿಂಗಳಲ್ಲಿ ಇನ್ನಷ್ಟು ಸಣ್ಣಗಾಗಿದ್ದಳು. ತಲೆವಸ್ತ್ರ ಬಿಗಿಯಾಗಿ ಕಟ್ಟಿಕೊಂಡು, ನೆಟ್ಟಗೆ ನಡೆದು ಬಂದು ಬಾದಾಮಿ ಮರದ ಕೆಳಗಿನ ಕುರ್ಚಿಯಲ್ಲಿ ಕೂತಳು. ಶೆರ್ಮಿನ್ ಎದ್ದು ಹತ್ತಿರ ಹೋದಳು.

"ರೆಫಿಯಮ್ಮಾ, ನಿಮಗೆ ಸತ್ಯ ಗೊತ್ತಾಗಬೇಕಿತ್ತು. ನಿಮ್ಮ ಯಜಮಾನರ ಮೇಲಿದ್ದ ಅಪವಾದ..."

"ನೀನು ಸುಮ್ಮನಿರು ತಾಯಿ" ಎಂದಳು ರೆಫಿಯೆ, ಅವಳ ಕಡೆ ನೋಡದೆ. "ನೀನು ಅತಿಥಿ. ಅತಿಥಿಗೆ ನಾನೇನೂ ಅನ್ನಲ್ಲ. ನೀನು ಇವತ್ತಲ್ಲ ನಾಳೆ ಹೋಗ್ತೀಯ. ಇವಳು ನನ್ನ ಎದುರು ಮನೇಲೇ ಇರ್ತಾಳೆ." ನಜ್ಮಿಯೆಯ ಕಡೆ ತಿರುಗಿದಳು. "ಇವಳಿಗೆ ಹೇಗೆ ಹೇಳಿದೆಯೋ ಹಾಗೇ ನನಗೆ ಹೇಳು. ಒಂದಕ್ಷರ ಬಿಡಬೇಡ."

ನಜ್ಮಿಯೆ ಹೇಳಿದಳು. ಈ ಸಲ ಅಳಲಿಲ್ಲ. ಅಪ್ಪ ಎಷ್ಟು ಹೇಳಿದ್ದನೋ ಅಷ್ಟನ್ನೇ, ಅವನ ಮಾತಿನಲ್ಲೇ ಹೇಳಿದಳು. ಕೆಳಗೆ ಅವನು ಹಗ್ಗಕ್ಕೆ ಕಾಯುತ್ತಿದ್ದ ಎನ್ನುವಾಗ ರೆಫಿಯೆಯ ಗಂಟಲಲ್ಲಿ ಸಣ್ಣದೊಂದು ಶಬ್ದ ಹೊರಟಿತು, ಅಷ್ಟೇ.

"ನಿಮ್ಮಪ್ಪ ಇದನ್ನ ಯಾವತ್ತು ಹೇಳಿದ?"

"ಸಾಯೋಕೆ ಒಂದು ವಾರ ಮುಂಚೆ. ನಿಮಗೆ ಹೇಳು ಅಂತಾನೇ ಹೇಳಿದ್ದು ಚಿಕ್ಕಮ್ಮ. ನಾನೇ..."

"ಹದಿನೆಂಟು ವರ್ಷ." ರೆಫಿಯೆ ಮಂಡಿಯ ಮೇಲಿನ ಕೈಗಳನ್ನು ನೋಡಿಕೊಂಡಳು. "ಅವನನ್ನ ನಾನು ಕ್ಷಮಿಸ್ತೀನೋ ಇಲ್ವೋ ದೇವರಿಗೆ ಗೊತ್ತು. ಹೆದರಿದ್ದ, ಸುಳ್ಳು ಹೇಳಿದ, ಆಮೇಲೆ ಜೀವಮಾನ ಪೂರ್ತಿ ನನ್ನ ಮನೆ ಹೆಂಚು ಹೊದಿಸಿದ. ನಿಂದೇ ನನಗೆ ತಿಳೀತಾ ಇಲ್ಲ. ಪ್ರತಿ ಹಬ್ಬಕ್ಕೂ ಗೋರಿ ಹತ್ತಿರ ಹೋಗ್ತಿದ್ವಿ. ನಾನು ಆ ಕಲ್ಲಿನ ಮುಂದೆ ನಿಂತು ಬೈತಿದ್ದೆ. ಆಸೆಬುರುಕ, ಹೊಟ್ಟೆಬಾಕ, ಹೆಂಡತಿ ಮಕ್ಕಳನ್ನ ಬೀದಿಪಾಲು ಮಾಡಿದವನೇ ಅಂತ ಬೈತಿದ್ದೆ. ನೀನು ಪಕ್ಕದಲ್ಲಿ ನನ್ನ ತೋಳು ಹಿಡಿದು ನಿಂತಿರ್ತಿದ್ದೆ. ಒಂದು ಸಲವಾದರೂ, ಸಾಕು ಬಿಡಿ ಚಿಕ್ಕಮ್ಮ ಅನ್ನಬಾರದಾಗಿತ್ತಾ?"

ನಜ್ಮಿಯೆ ಅವಳ ತೋಳು ಹಿಡಿಯಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು.

"ಊರಿಗೆ ಹೊಸಬಳು, ನಿನಗೇನೂ ಆಗಬೇಕಾದವಳಲ್ಲ, ಅವಳಿಗೆ ಹೇಳಿದೆ. ನನಗೆ ಹೇಳಲಿಲ್ಲ" ಎಂದು ರೆಫಿಯೆ ಎದ್ದಳು. "ಬರ್ತೀನಿ ನಜ್ಮಿಯೆ."

ಅವಳ ಬಾಯಲ್ಲಿ ನಜ್ಮಿಯೆ ತನ್ನ ಹೆಸರು ಕೇಳಿದ್ದು ಅದೇ ಮೊದಲು.

ಶೆರ್ಮಿನ್ ಇನ್ನೂ ಮರದ ಕೆಳಗೇ ನಿಂತಿದ್ದಳು. ಕಣ್ಣು ತುಂಬಿತ್ತು. "ಎಂಥ ಹೆಂಗಸು!" ಎಂದಳು ಮೆಲ್ಲಗೆ, ಬರೆದಿಟ್ಟುಕೊಳ್ಳುವವಳ ಹಾಗೆ. ಆ ಎರಡು ಮಾತು ನಜ್ಮಿಯೆಗೆ ಪುಸ್ತಕದಲ್ಲಿದ್ದ ಎಲ್ಲದಕ್ಕಿಂತ ಕೆಟ್ಟದಾಗಿ ಕೇಳಿಸಿತು. ಅವಳು ಒಳಗೆ ಹೋಗಿ, ಮೂಲೆ ಕೋಣೆಯಲ್ಲಿ ವರ್ಷದಿಂದ ವರ್ಷಕ್ಕೆ ಇಟ್ಟಿರುತ್ತಿದ್ದ ಶೆರ್ಮಿನ್‌ಳ ಹುಲ್ಲಿನ ಟೋಪಿ, ಈಜುಡುಗೆ, ಓದುವ ಕನ್ನಡಕ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ತಂದು ಅವಳ ಕೈಗಿತ್ತಳು.

"ಕೋಣೆ ಖಾಲಿ ಇಲ್ಲ, ಶೆರ್ಮಿನ್ ಮೇಡಂ."

ಜಾವಿತ್‌ನ ಮಿನಿಬಸ್ ಚೌಕದಲ್ಲಿ ನಿಂತಿತ್ತು. ಒಳಗೆ ಇದ್ದವರು ಒಬ್ಬ ಮುದುಕ, ಎರಡು ಕೋಳಿ. ಶೆರ್ಮಿನ್ ಚೀಲ ಎಳೆದುಕೊಂಡು ಹೋಗಿ ಬಾಗಿಲಿಗೆ ಕೈ ಹಾಕಿದಳು.

"ಸೀಟಿಲ್ಲ" ಎಂದ ಜಾವಿತ್.

"ಅಷ್ಟೂ ಖಾಲಿ ಇದೆಯಲ್ಲಪ್ಪ!"

"ಕೋಳಿಗಳಿಗೆ ಕಾಲು ಚಾಚಬೇಕಂತೆ" ಎಂದು ಗಾಡಿ ಬಿಟ್ಟುಕೊಂಡು ಹೋದ. ಕೊನೆಗೆ ಮುಹರ್ರೆಮ್ ಅವಳನ್ನು ದೋಣಿಗೆ ಹತ್ತಿಸಿ ಪಕ್ಕದ ಬಂದರಿಗೆ ಬಿಟ್ಟು ಬಂದ. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲವಂತೆ. ಇಳಿಯುವಾಗ ಮಾತ್ರ, "ವಾಸನೆ ಬಂದಿದ್ದರೆ ಕ್ಷಮಿಸಿ" ಎಂದನಂತೆ. ಶೆರ್ಮಿನ್ ಮತ್ತೆ ಬಾದೆಮ್ಲಿಗೆ ಕಾಲಿಡಲಿಲ್ಲ. ಎರಡು ಕಾಗದ ಬರೆದಳು. ನಜ್ಮಿಯೆ ಎರಡನ್ನೂ ಒಡೆದು ಓದಿದಳು, ಉತ್ತರ ಬರೆಯಲಿಲ್ಲ.

ಆ ಅಕ್ಟೋಬರ್‌ನಲ್ಲಿ ಜಾವಿತ್ ಅಪ್ಪನ ಗೋರಿಗೆ ಹೊಸ ಕಲ್ಲು ಮಾಡಿಸಿದ. ಇದ್ರಿಸ್ ನಿಲ್ಲಿಸಿದ್ದ ಹಳೆಯ ಕಲ್ಲನ್ನು ಕಿತ್ತು, ಮಿನಿಬಸ್ಸಿನಲ್ಲಿ ಹೇರಿಕೊಂಡು ಬಂದು ಹಸಿರು ಗೇಟಿಗೆ ಒರಗಿಸಿ ಹೋದ. ಬೆಳಿಗ್ಗೆ ಎದ್ದ ನಜ್ಮಿಯೆ ಅದನ್ನು ಕಂಡಳು. ಸತ್ತವನ ಹೆಸರಿರುವ ಕಲ್ಲು; ಎಸೆಯುವಂತಿಲ್ಲ, ಎದುರಿಗೆ ಇಟ್ಟುಕೊಳ್ಳುವಂತಿಲ್ಲ. ಮುಹರ್ರೆಮ್ ಅದನ್ನು ಗೋಣಿಯಲ್ಲಿ ಸುತ್ತಿ ಹಿತ್ತಿಲ ಗೋಡೆಗೆ ಆನಿಸಿಟ್ಟ. ಊರವರು ನಜ್ಮಿಯೆಯನ್ನು ಬಹಿಷ್ಕರಿಸಲೇನೂ ಇಲ್ಲ. ಮದುವೆಗೆ ಕರೆಯುತ್ತಿದ್ದರು, ರೊಟ್ಟಿ ಒಲೆಗೆ ಸರದಿ ಕೊಡುತ್ತಿದ್ದರು. ಆದರೆ ಅವಳು ಬಂದರೆ ನಡೆಯುತ್ತಿದ್ದ ಮಾತು ಬೇರೆ ದಾರಿ ಹಿಡಿಯುತ್ತಿತ್ತು. "ಹುಷಾರು ಕಣ್ರೇ, ಮುಂದಿನ ಪುಸ್ತಕದಲ್ಲಿ ಬಂದುಬಿಟ್ಟೀರ" ಎಂದು ಯಾರಾದರೂ ನಗೆಯಾಡಿದರೆ ಅವಳೂ ನಗಬೇಕಾಗುತ್ತಿತ್ತು. ಮನೆ ಹುಡುಕಿಕೊಂಡು ಬಂದವರಿಗೆ ಮಾತ್ರ, "ಹೌದು, ಇದೇ ಮನೆ. ಆದರೆ ನಮ್ಮಪ್ಪ ಕುಡೀತಿರಲಿಲ್ಲ" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ರೆಫಿಯೆ ಇನ್ನೂ ಐದು ವರ್ಷ ಬದುಕಿದಳು. ಎದುರು ಸಿಕ್ಕರೆ ಸಲಾಂ ಹೇಳುತ್ತಿದ್ದಳು, ಹಬ್ಬಕ್ಕೆ ಕೈಗೆ ಮುತ್ತಿಡಲು ಬಂದರೆ ಕೈ ಚಾಚುತ್ತಿದ್ದಳು. ಮಗಳೇ ಎನ್ನಲಿಲ್ಲ. ತೀರಿಕೊಂಡದ್ದು ಒಂದು ಫೆಬ್ರವರಿ, ಬಾದಾಮಿ ಹೂಬಿಟ್ಟಿದ್ದ ಹೊತ್ತಿನಲ್ಲಿ. ನಜ್ಮಿಯೆ ಸೋಪು, ಬಿಳಿ ಬಟ್ಟೆ ತೆಗೆದುಕೊಂಡು ಬೀದಿ ದಾಟಿದಳು. ತನ್ನ ತಲೆ ಬಾಚಿದವಳ ಮೈ ತಾನೇ ತೊಳೆಯಬೇಕೆಂದಿತ್ತು ಅವಳಿಗೆ. ಬಾಗಿಲಲ್ಲಿ ಜಾವಿತ್‌ನ ಹೆಂಡತಿ ಅಡ್ಡ ನಿಂತಳು. ಅವಳಿಗೂ ಅದು ಇಷ್ಟವಿರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಅತ್ತೆ ಹೇಳಿ ಹೋಗಿದಾರೆ, ಅಕ್ಕ. ನಜ್ಮಿಯೆ ನೀರು ಕಾಯಿಸಲಿ, ಒಳಗೆ ಬರೋದು ಬೇಡ ಅಂತ."

ನಜ್ಮಿಯೆ ಸೋಪು, ಬಟ್ಟೆ ಅವಳ ಕೈಗೆ ಕೊಟ್ಟಳು. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಹಂಡೆ ಏರಿಸಿದಳು. ಆಲಿವ್ ಸೌದೆ ಹಸಿಯಾಗಿತ್ತು. ಊದಿ ಊದಿ ಕಣ್ಣೆಲ್ಲ ಕೆಂಪಾಯಿತು. ನೀರು ಕುದಿಗೆ ಬಂದಾಗ ತಣ್ಣೀರು ಬೆರೆಸಿ, ಬೆರಳದ್ದಿ ನೋಡಿ ಹದ ಮಾಡಿದಳು. ಬಾಗಿಲಿನಿಂದ ಕೈಯೊಂದು ಚಾಚಿದಾಗಲೆಲ್ಲ ಬಿಂದಿಗೆ ತುಂಬಿ ಕೊಟ್ಟಳು, ಖಾಲಿ ಬಿಂದಿಗೆ ಇಸಕೊಂಡಳು. ಒಳಗೆ ಹೆಂಗಸರು ಪ್ರಾರ್ಥನೆ ಹೇಳುತ್ತಿದ್ದರು. ಸಾಕು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಅವಳು ಇನ್ನೂ ಒಂದು ಹಂಡೆ ನೀರು ಸೇದಿ ತಂದು ಒಲೆಗಿಟ್ಟಳು.